ವಾರ್ತಾ ಸಚಿವರೇ, ಪ್ರೇಮಾ ಕಾರಂತರ 'ಫಣಿಯಮ್ಮ'ನನ್ನು ಉಳಿಸಿಕೊಡಿ

ಮಾನ್ಯ ವಾರ್ತಾ ಸಚಿವರೇ, ನಮಸ್ಕಾರ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕಳೆದ ತಿಂಗಳು ಕೊನೆಯ ವರ್ಷದ ಮಕ್ಕಳಿಗೆ 'ಫಣಿಯಮ್ಮ' ಸಿನಿಮಾ ತೋರಿಸಲು ಹೊರಟೆ. ನನಗೆ ಸಿಕ್ಕಿದ್ದು ಮಸುಕು ಮಸುಕಾದ ಒಂದು ಕಾಪಿ. ಮಾತೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅರ್ಧಕ್ಕೇ ನಿಲ್ಲಿಸಿದೆ. ತುಂಬಾ ಬೇಜಾರಾಯಿತು.

ಪ್ರೇಮಾ ಕಾರಂತ ಎಂದರೆ ಜಾಸ್ತಿ ಜನ "ಬಿ.ವಿ. ಕಾರಂತರ ಹೆಂಡತಿ ಅಲ್ವಾ?" ಎಂದು ಕೇಳುತ್ತಾರೆ. ಹೌದು, ಆದರೆ ಅಷ್ಟೇ ಅಲ್ಲ. ಗಂಡ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿಯುವಾಗ ಟೀಚರ್ ಕೆಲಸ ಮಾಡಿ ಸಂಸಾರ ತೂಗಿಸಿದವರು, ಆಮೇಲೆ ತಾವೂ ಅದೇ ನಾಟಕ ಶಾಲೆ ಸೇರಿ ಕಲಿತವರು, 'ಬೆನಕ' ನಾಟಕ ತಂಡದ ನಾಟಕಗಳಿಗೆ ವೇಷಭೂಷಣ ಮಾಡುತ್ತಲೇ ಮಕ್ಕಳನ್ನು ಸೇರಿಸಿ 'ಅಳಿಲು ರಾಮಾಯಣ' ಆಡಿಸಿದವರು ಅವರು. ಕನ್ನಡದಲ್ಲಿ ನಿರ್ದೇಶಕಿಯರನ್ನು ಹುಡುಕಬೇಕಾಗಿದ್ದ ಕಾಲದಲ್ಲಿ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ಹಿಡಿದು ಈ ಸಿನಿಮಾ ಮಾಡಿದರು. 30ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅದು ಅತ್ಯುತ್ತಮ ಕನ್ನಡ ಚಿತ್ರವಾಯಿತು.

ನಾನು ಅದನ್ನು ಮೊದಲು ನೋಡಿದ್ದು ದೂರದರ್ಶನದಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಅಜ್ಜಿಯ ಪಕ್ಕ ಕೂತು. ಬಾಲವಿಧವೆ ಫಣಿಯಮ್ಮ ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ಮನೆಯವರಿಗೆಲ್ಲ ದುಡಿಯುತ್ತಾಳೆ. ಆ ಪಾತ್ರ ಮಾಡಿದ ಎಲ್.ವಿ. ಶಾರದಾ ಅವರ ಶಾಂತ ಮುಖ ಈಗಲೂ ಕಣ್ಣ ಮುಂದಿದೆ. ಮಡಿ ಬಿಟ್ಟು ಕೀಳು ಜಾತಿಯೆನಿಸಿಕೊಂಡವರ ಮನೆಗೆ ಹೋಗಿ ಹೆರಿಗೆ ಮಾಡಿಸಿ ಬರುತ್ತಾಳೆ. ಮುಂದೆ ದಾಕ್ಷಾಯಿಣಿ ಎಂಬ ಇನ್ನೊಬ್ಬ ಹುಡುಗಿ ಕೂದಲು ತೆಗೆಸಲಾರೆ ಎಂದು ಹಟ ಹಿಡಿದಾಗ ಅವಳ ಪರ ನಿಲ್ಲುವುದೂ ಈ ಫಣಿಯಮ್ಮನೇ. ಅಜ್ಜಿ ಪೂರ್ತಿ ನೋಡಿದರು. "ಇದು ನಮ್ಮ ದೊಡ್ಡಮ್ಮನ ಕತೆ ಕಣೇ" ಎಂದು ಎದ್ದು ಒಳಗೆ ಹೋದರು. ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಎತ್ತದ ಮಾತು ಅದು. ಆಮೇಲೆ ಎಷ್ಟೋ ರಾತ್ರಿ ಆ ದೊಡ್ಡಮ್ಮನ ಬಗ್ಗೆ ನನಗೆ ಹೇಳಿದರು.

ಪ್ರೇಮಾ ಕಾರಂತರು 2007ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಹಾರ, ಭಾಷಣ ಬೇಡ ಸರ್. 'ಫಣಿಯಮ್ಮ'ನ ಒಳ್ಳೆಯ ಪ್ರಿಂಟ್ ಎಲ್ಲಿದೆ, ಹೇಗಿದೆ ಎಂದು ನಿಮ್ಮ ಇಲಾಖೆಯಿಂದ ವಿಚಾರಿಸಿ. ಪುಣೆಯ ಚಲನಚಿತ್ರ ಸಂಗ್ರಹಾಲಯಕ್ಕೆ ಒಂದು ಪತ್ರ ಹಾಕಿ, ನಮ್ಮ ಚಲನಚಿತ್ರ ಅಕಾಡೆಮಿಗೆ ಆ ಹೊಣೆ ಕೊಡಿ, ಹಾಳಾಗಿದ್ದರೆ ದುರಸ್ತಿ ಮಾಡಿಸಿ. ಆಮೇಲೆ ಜಿಲ್ಲೆ ಜಿಲ್ಲೆಗಳಲ್ಲಿ ತೋರಿಸಿ.

ನಮ್ಮ ಕುವೆಂಪು ರಂಗಮಂದಿರದಲ್ಲಿ ಒಂದು ಸಂಜೆ ಸಾಕು. ಈ ಮಕ್ಕಳ ಕೊನೆಯ ಸೆಮಿಸ್ಟರ್ ಮುಗಿಯುವುದರೊಳಗೆ ಆದರೆ, ಅವರನ್ನೆಲ್ಲ ನಾನೇ ಕರೆದುಕೊಂಡು ಬರುತ್ತೇನೆ. ಉಳಿದರ್ಧ ಯಾವಾಗ ಮೇಡಂ ಎಂದು ಇನ್ನೂ ಕೇಳುತ್ತಿದ್ದಾರೆ.

ಇಂತಿ,
ಶಿವಮೊಗ್ಗದ ಒಬ್ಬ ಮೇಷ್ಟ್ರಮ್ಮ