ಉಳಿದೆರಡು ಅಂಕ ಎಲ್ಲಿ ಹೋಯಿತು?

ಮಾನ್ಯರೇ,

ತೊಂಬತ್ತೆಂಟು ತಂದ ಮಗುವಿಗೆ ‘ಉಳಿದೆರಡು ಎಲ್ಲಿ ಹೋಯಿತು?’ ಎಂದು ಕೇಳುವುದು ಯಾರಿಗೂ ತಪ್ಪೆನಿಸುವುದಿಲ್ಲ. ಕೇಳಿದವರಿಗೆ ಅದು ತಮಾಷೆ. ಮಗು ಮಾತ್ರ ಆ ಎರಡು ಅಂಕವನ್ನೇ ಮನೆಗೆ ಹೊತ್ತು ತರುತ್ತದೆ.

ಪ್ರತಿಭಾವಂತ ಮಕ್ಕಳ ತೊಡಕು ಶುರುವಾಗುವುದು ಪಾಠ ಸುಲಭವಾಗಿರುವಾಗಲೇ. ಮೊದಲ ಐದಾರು ವರ್ಷ ಒಮ್ಮೆ ಕೇಳಿದರೆ ಸಾಕು, ತಲೆಗೆ ಹತ್ತುತ್ತದೆ. ಹಾಗಾಗಿ ತಿಣುಕುವುದು, ಮತ್ತೆ ಓದುವುದು, ಗೊತ್ತಾಗಲಿಲ್ಲ ಎನ್ನುವುದು ರೂಢಿಯಾಗುವುದೇ ಇಲ್ಲ. ‘ಜಾಣ’ ಎಂಬ ಬಿರುದು ಮಾತ್ರ ಅಂಟಿಕೊಂಡಿರುತ್ತದೆ. ಬೀಜಗಣಿತವೋ ಭೌತಶಾಸ್ತ್ರವೋ ಮೊದಲ ಸಲ ಕೈಕೊಟ್ಟಾಗ ಮಗು ಲೆಕ್ಕ ಬಿಟ್ಟು ಬಿರುದನ್ನು ಕಾಯತೊಡಗುತ್ತದೆ.

ಪರೀಕ್ಷೆಯ ಬೆಳಿಗ್ಗೆ ಹೊಟ್ಟೆನೋವು, ಒಂದೇ ಪುಟವನ್ನು ನಾಲ್ಕು ಸಲ ಹರಿದು ಬರೆಯುವುದು, ಗೆಲ್ಲುವ ಖಾತ್ರಿಯಿಲ್ಲದ ಸ್ಪರ್ಧೆಗೆ ಹೆಸರೇ ಕೊಡದಿರುವುದು ಇದರ ಗುರುತುಗಳು. ಹೆತ್ತವರು ಸೋಮಾರಿತನವೆಂದು ಬೈಯುವ ಇನ್ನೊಂದಿದೆ: ಪರೀಕ್ಷೆಯ ಹಿಂದಿನ ರಾತ್ರಿವರೆಗೆ ಪುಸ್ತಕ ಮುಟ್ಟದಿರುವುದು. ಓದದೆ ಅಂಕ ಇಳಿದರೆ ‘ಓದಿರಲಿಲ್ಲ’ ಎನ್ನಬಹುದು. ಓದಿಯೂ ಇಳಿದರೆ ಬಿರುದೇ ಹೋಗುತ್ತದಲ್ಲ!

ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿದ್ದರು. ಕೆಲವರ ಬುದ್ಧಿಯನ್ನು, ಕೆಲವರ ಶ್ರಮವನ್ನು ಹೊಗಳಲಾಯಿತು. ಬುದ್ಧಿಯನ್ನು ಹೊಗಳಿಸಿಕೊಂಡವರು ಒಮ್ಮೆ ಸೋತ ಮೇಲೆ ಸುಲಭದ ಒಗಟುಗಳಲ್ಲೂ ಹಿಂದೆ ಬಿದ್ದರು; ತಮ್ಮ ಅಂಕವನ್ನು ಹೆಚ್ಚಿಸಿ ಹೇಳಿದವರೂ ಅವರಲ್ಲೇ ಜಾಸ್ತಿ. ಹಾಗೆಂದು ‘ಶ್ರಮ’ವನ್ನು ಹೊಗಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಹೇಳುವುದಿಲ್ಲ. ಬೆವರೇ ಸುರಿಸದೆ ಮಾಡಿದ್ದಕ್ಕೆ ‘ಎಷ್ಟು ಕಷ್ಟಪಟ್ಟೆ!’ ಎಂದರೆ ಜಾಣ ಮಗು ತಕ್ಷಣ ಹಿಡಿದುಬಿಡುತ್ತದೆ.

ಉತ್ತರಪತ್ರಿಕೆ ಬಂದ ದಿನ ಅದರ ಮಾತೇ ಬೇಡ. ಮರುದಿನ ತಪ್ಪಾದ ಒಂದು ಪ್ರಶ್ನೆಯನ್ನು ಮಗುವೇ ಆರಿಸಲಿ. ಯಾವ ಸಾಲಿನಲ್ಲಿ ದಾರಿ ತಪ್ಪಿತು ಎಂದಷ್ಟೇ ಕೇಳಿ, ಹದಿನೈದು ನಿಮಿಷಕ್ಕೆ ನಿಲ್ಲಿಸಿ. ವಾರಕ್ಕೊಂದು ಸಲ, ಅರ್ಧ ಗಂಟೆಯಲ್ಲಿ ಬಗೆಹರಿಯದ ಸಮಸ್ಯೆ ಕೊಡಿ. ಅಂಕ ಬೇಡ, ಅರ್ಧಕ್ಕೆ ಬಿಟ್ಟರೂ ಸರಿ. ಪಕ್ಕದಲ್ಲಿ ಕೂತು ನೀವೂ ತಡವರಿಸಿ. ಉತ್ತರ ಮಾತ್ರ ಹೇಳಿಕೊಡಬೇಡಿ. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಕೋಚಿಂಗ್ ತರಗತಿಗಳು ಅದನ್ನು ತಿನ್ನುತ್ತಿದ್ದರೆ ಒಂದು ತರಗತಿಯನ್ನು ಬಿಡಿಸಿ. ಯಾವುದನ್ನೆಂದು ಮಗುವೇ ಹೇಳಲಿ.

ಹತ್ತು ವರ್ಷದ ಮಗು ಹದಿನಾಲ್ಕರವರ ಲೆಕ್ಕ ಮಾಡಬಹುದು, ಅಳುವುದು ಹತ್ತರ ವಯಸ್ಸಿನಂತೆಯೇ. ‘ಇಷ್ಟು ಜಾಣ, ಇಷ್ಟಕ್ಕೆಲ್ಲ ಅಳ್ತೀಯಾ?’ ಎನ್ನಬೇಡಿ.

ನಿದ್ದೆಗೇಡು, ಹೊಟ್ಟೆನೋವು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ. ‘ನಾನು ಇರಲೇಬಾರದಿತ್ತು’ ಎಂಬ ಮಾತು ಬಂದರೆ ಅಷ್ಟು ದಿನವೂ ಕಾಯಬೇಡಿ, ಅಂದೇ ಹೋಗಿ.

– ಮಕ್ಕಳ ಆಪ್ತಸಮಾಲೋಚಕರು