ಗ್ಲೌಸಿನಲ್ಲಿ ಬಿಸಿನೀರು ತುಂಬಿಟ್ಟ ಸಿಸ್ಟರ್‌ಗೆ

ಎಡ ಸ್ತನದ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಆ ಕೈಗೆ ಸೂಜಿ ಚುಚ್ಚಬಾರದು ಎಂದಿದ್ದರು ಡಾಕ್ಟರು. ಉಳಿದದ್ದು ಬಲಗೈ ಒಂದೇ. ಎರಡು ಕೀಮೋ ಆಗುವಷ್ಟರಲ್ಲಿ ಅದರ ನರಗಳೂ ಮುನಿಸಿಕೊಂಡು ಒಳಗೆ ಸೇರಿಬಿಟ್ಟಿದ್ದವು.

ಮೂರನೆಯದಕ್ಕೆ ಹಾಸನದಿಂದ ನಸುಕಿನ ಬಸ್ಸು ಹಿಡಿದು ಬೆಂಗಳೂರಿಗೆ ಬಂದೆ. ಇಬ್ಬರು ಚುಚ್ಚಿ ನೋಡಿದರು, ನರ ಸಿಗಲಿಲ್ಲ. ಅಳು ಬಂತು. ನೋವಿಗಲ್ಲ, ಇವತ್ತು ಆಗದಿದ್ದರೆ 21 ದಿನಕ್ಕೊಂದು ಕೀಮೋ ಎಂಬ ಲೆಕ್ಕವೆಲ್ಲ ತಪ್ಪುತ್ತದಲ್ಲ ಅಂತ.

ಆಗ ಬಂದವರು ನೀವು. ಬ್ಯಾಡ್ಜು ತಿರುಗಿಕೊಂಡಿತ್ತು, ಹೆಸರು ಓದಲಾಗಲಿಲ್ಲ. ಬಂದವರೇ ಸೂಜಿ ಮುಟ್ಟಲಿಲ್ಲ. ರಬ್ಬರ್ ಗ್ಲೌಸಿಗೆ ಬಿಸಿನೀರು ತುಂಬಿ ಗಂಟು ಹಾಕಿದಿರಿ. ಮಗುವಿನ ಸ್ನಾನದ ನೀರು ನೋಡುವ ಹಾಗೆ ನಿಮ್ಮ ಮೊಣಕೈಗೆ ತಾಗಿಸಿ ನೋಡಿ, ಆಮೇಲೆ ನನ್ನ ಕೈಮೇಲಿಟ್ಟಿರಿ. ಎರಡು ಲೋಟ ನೀರು ಕುಡಿಸಿದಿರಿ.

“ಹಾಸನದವರಾ ಅಕ್ಕ? ಈ ಸಲ ಆಲೂಗಡ್ಡೆ ಹೆಂಗೆ?”

ಕೇಳಬಾರದವರನ್ನು ಕೇಳಿದಿರಿ! ಬೆಳೆಗೆ ಅಂಗಮಾರಿ ರೋಗ ಬಿದ್ದ ಕಥೆ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಸೂಜಿ ಒಳಗಿತ್ತು.

ಕೆಂಪು ಔಷಧಿ ಏರಿಸುವಾಗ ಮೆಲ್ಲಗೆ ಹೇಳಿದಿರಿ, “ಮೂತ್ರ ಕೆಂಪಗೆ ಹೋಗುತ್ತೆ, ಔಷಧಿ ಬಣ್ಣ ಅದು. ರಕ್ತ ಅಂದ್ಕೊಂಡು ಹೆದರಬೇಡಿ.” ಮೊದಲೆರಡು ಸಲ ಇದನ್ನು ಯಾರೂ ಹೇಳಿರಲಿಲ್ಲ. ಬಚ್ಚಲಲ್ಲಿ ನಿಂತು ಮನೆದೇವರನ್ನೆಲ್ಲ ಕರೆದಿದ್ದೆ. ನೀವು ಹೇಳಿದ ಆ ರಾತ್ರಿ ಮಾತ್ರ ನಿದ್ದೆ ಬಂತು.

ನಾಲ್ಕನೆಯದಕ್ಕೆ ಬಂದಾಗ ನಿಮ್ಮನ್ನು ಹುಡುಕಿದೆ, ಡ್ಯೂಟಿ ಇರಲಿಲ್ಲ. ಗ್ಲೌಸಿನ ಉಪಾಯ ನಾನೇ ಹೇಳಿಕೊಟ್ಟೆ, ಒಂದೇ ಸಲಕ್ಕೆ ನರ ಸಿಕ್ಕಿತು.

ಥ್ಯಾಂಕ್ಸ್ ಸಿಸ್ಟರ್. ತಲೆ ಮೇಲೆ ಈಗ ಕೂದಲು ಇಣುಕುತ್ತಿದೆ. ಮುಂದಿನ ಚೆಕಪ್ಪಿಗೆ ಬರುವಾಗ ಒಂದು ಚೀಲ ಆಲೂಗಡ್ಡೆ ತರುತ್ತೇನೆ, ಡ್ಯೂಟಿಯಲ್ಲಿರಿ.