ಜ್ವಾಲಾಪುರಂ ಶಿಲಾಯುಧಗಳು ಯಾರವು?

ಮಾನ್ಯ ಸಂಪಾದಕರೇ,

ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿಯುವ ಹೊತ್ತಿಗೇ ಆಧುನಿಕ ಮಾನವರು, ಅಂದರೆ ನಮ್ಮದೇ ಪ್ರಭೇದದವರು, ದಕ್ಷಿಣ ಭಾರತದಲ್ಲಿ ನೆಲೆಸಿದ್ದರು ಎಂಬುದನ್ನು ಸಾಬೀತಾದ ಸಂಗತಿಯಂತೆ ಆಗಾಗ ಬರೆಯಲಾಗುತ್ತಿದೆ. ಈ ಮಾತಿಗೆ ಆಧಾರವಾದ ಉತ್ಖನನದ ಬಗ್ಗೆ ನನಗೆ ಅಪಾರ ಗೌರವವಿದೆ; ಆದರೆ ಮಾತು ಸಾಕ್ಷ್ಯವನ್ನು ಮೀರಿದೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ ಮತ್ತು ಪುರಾತತ್ವಜ್ಞ ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಆಂಧ್ರಪ್ರದೇಶದ ಜುರ್ರೇರು ಕಣಿವೆಯ ಜ್ವಾಲಾಪುರಂನಲ್ಲಿ ಟೋಬಾ ಬೂದಿಯ ದಪ್ಪ ಪದರದ ಕೆಳಗೂ ಮೇಲೂ ಒಂದೇ ಬಗೆಯ ಶಿಲಾಯುಧಗಳನ್ನು ಕಂಡು, 2007ರಲ್ಲಿ ಪ್ರಕಟಿಸಿತು. ಅಷ್ಟು ದೊಡ್ಡ ಉತ್ಪಾತದ ನಂತರವೂ ಅಲ್ಲಿ ಮನುಷ್ಯರ ಬದುಕು ಮುಂದುವರಿಯಿತೆಂಬುದಕ್ಕೆ ಇದು ಬಲವಾದ ಸಾಕ್ಷಿ. ಆದರೆ ಆ ಪದರಗಳಲ್ಲಿ ಅವರ ಒಂದು ಎಲುಬೂ ಸಿಕ್ಕಿಲ್ಲ. ಆಫ್ರಿಕಾದ ಆಯುಧಗಳೊಂದಿಗಿನ ಹೋಲಿಕೆಯಿಂದಲೇ ಅವರು ಆಧುನಿಕ ಮಾನವರೆಂದು ಊಹಿಸಲಾಗಿದೆ.

ಚಕ್ಕೆ ಎಬ್ಬಿಸಿದ ಬಗೆಯನ್ನು ಆಧರಿಸಿದ ಈ ಹೋಲಿಕೆಯನ್ನು ಎಷ್ಟು ನಂಬಬಹುದು? ಕಲ್ಲಿನ ಅಂಚನ್ನು ಸುತ್ತಲೂ ಕೆತ್ತಿ ಹದಗೊಳಿಸಿ, ಕೊನೆಗೆ ಒಂದೇ ಪೆಟ್ಟಿನಲ್ಲಿ ಬೇಕಾದ ಆಕಾರದ ಚಕ್ಕೆ ಎಬ್ಬಿಸುವ ವಿಧಾನ ಆಧುನಿಕ ಮಾನವರಲ್ಲದ, ಯುರೋಪಿನ ನಿಯಾಂಡರ್ತಾಲರಿಗೂ ಕರಗತವಾಗಿತ್ತು. ಇನ್ನು ಚೆನ್ನೈ ಸಮೀಪದ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಅವರ ತಂಡ ಇದೇ ವಿಧಾನವನ್ನು ಸುಮಾರು 3,85,000 ವರ್ಷಗಳಷ್ಟು ಹಿಂದಕ್ಕೆ ಒಯ್ದಿದೆ. ನಮ್ಮ ಪ್ರಭೇದದ ಅತ್ಯಂತ ಹಳೆಯದೆಂದು ಗುರುತಿಸಲಾದ ಎಲುಬುಗಳು, ಅಂದರೆ ಮೊರಾಕ್ಕೋದ ಜೆಬೆಲ್ ಇರ್ಹೂದ್‌ನವು, ಸುಮಾರು 3 ಲಕ್ಷ ವರ್ಷಗಳಷ್ಟೇ ಹಳೆಯವು. ಹೀಗಿರುವಾಗ ಕೇವಲ ಚಕ್ಕೆ ಎಬ್ಬಿಸಿದ ಬಗೆಯನ್ನು ನೋಡಿ ಅದನ್ನು ಮಾಡಿದವರು ಯಾರೆಂದು ತೀರ್ಮಾನಿಸುವುದು ಆತುರವಾಗುತ್ತದೆ. ಮಧ್ಯಪ್ರದೇಶದ ಢಾಬಾ ಎಂಬ ನೆಲೆಯಲ್ಲಿ ಸುಮಾರು 80,000 ವರ್ಷಗಳ ಹಿಂದಿನಿಂದ ಕಾಣುವ ಆಯುಧಗಳ ವಿಷಯಕ್ಕೂ ಇದೇ ಎಚ್ಚರ ಬೇಕು. ಶ್ರೀಲಂಕಾದ ಗುಹೆಗಳ ಸ್ಥಿತಿ ಬೇರೆ: ಅಲ್ಲಿ ಸೂಕ್ಷ್ಮ ಶಿಲಾಯುಧಗಳ ಜೊತೆಗೆ ಮನುಷ್ಯರ ಎಲುಬುಗಳೂ ದೊರೆತಿವೆ.

ಜ್ವಾಲಾಪುರಂನಲ್ಲಿಯೂ ಅಂಥ ಎಲುಬು ಮುಂದೊಮ್ಮೆ ಸಿಕ್ಕೀತು, ಪದರಗಳು ಉಳಿದರೆ. ಕಣಿವೆಯ ಬೂದಿಯನ್ನು ಶುಚಿಗೊಳಿಸುವ ಪುಡಿಯ ತಯಾರಿಕೆಗೆಂದು ಅಗೆದು ಸಾಗಿಸಿದ್ದುಂಟು. ಹಾಗೆ ಅಗೆದ ಜಾಗದಲ್ಲಿ ಯಾವುದು ಬೂದಿಯ ಮೇಲಿತ್ತು, ಯಾವುದು ಕೆಳಗಿತ್ತು ಎಂಬುದನ್ನು ಯಾವ ವಿಜ್ಞಾನಿಯೂ ಹೇಳಲಾರ. ಉಳಿದಿರುವ ಬೂದಿ ನೆಲೆಗಳಿಗೆ ಆಂಧ್ರ ಸರ್ಕಾರ ಮತ್ತು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕಾನೂನಿನ ರಕ್ಷಣೆ ಒದಗಿಸಬೇಕು. ತಮ್ಮ ಪತ್ರಿಕೆಯೂ ಇಂಥ ವರದಿಗಳಲ್ಲಿ ಆಯುಧದ ಕಾಲವನ್ನೂ ಅದನ್ನು ಮಾಡಿದವರ ಕುರಿತ ಊಹೆಯನ್ನೂ ಬೇರೆಬೇರೆಯಾಗಿ ತಿಳಿಸಬೇಕೆಂದು ಕೋರುತ್ತೇನೆ.

– ಪುರಾತತ್ವಾಸಕ್ತ ಓದುಗ, ಬಳ್ಳಾರಿ